ಡಾಕ್ಟರ್ ಬಾಯಿಗೆ ಕಟ್ಟಿದ ಬುತ್ತಿ

ನನಗೊಂದು ಚಟವಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಪಲ್ಯ ಎಲೆಗೆ ಬೀಳುವ ಮೊದಲೇ, ‘ಇದ್ರಾಗ ಶೇಂಗಾ ಹಾಕೀರೇನ್ರಿ?’ ಎಂದು ಕೇಳಿಬಿಡುತ್ತೇನೆ. ಮೊನ್ನೆ ಅಫಜಲಪುರದಲ್ಲಿ ಒಂದು ಮದುವೆ. ಬದನೆಕಾಯಿ ಪಲ್ಯದ ಬಕೆಟ್ಟು ಹಿಡಿದು ಬಂದವನಿಗೂ ಹಾಗೇ ಕೇಳಿದೆ. ಆತ ಸೌಟು ಮೇಲೆತ್ತಿಕೊಂಡೇ ನಿಂತ.

‘ಹಾಕದ ಹ್ಯಾಂಗ ಬಿಡ್ತೀವ್ರಿ ಯಕ್ಕಾ? ಯಾಕ, ನಿಮಗ ನಡ್ಯಾಂಗಿಲ್ಲೇನು?’

‘ನನಗ ನಡೀತದ. ಹಾಕ್ರಿ, ಇನ್ನೊಂದ್ ಸೌಟ ಹಾಕ್ರಿ.’

ಆತ ನನ್ನ ಮುಖವನ್ನೊಮ್ಮೆ ನೋಡಿ, ಬಡಿಸಿ ಮುಂದೆ ಹೋದ. ಪಕ್ಕದಲ್ಲಿ ಕುಳಿತ ನನ್ನ ತಂಗಿಗೆ ನಗು ತಡೆಯಲಾಗಲಿಲ್ಲ, ಅನ್ನ ನೆತ್ತಿಗೇರಿತು. ‘ನೀಲಾ ಇಲ್ಲಿಲ್ಲ, ಏನಿಲ್ಲ. ಇನ್ನೂ ಕೇಳೋದು ಬಿಟ್ಟಿಲ್ಲಲ್ಲಬೇ ನೀ!’ ಎಂದಳು. ಬಿಡಲು ಆಗಿಲ್ಲ, ನಿಜ. ಕೆಲವರಿಗೆ ನಶ್ಯದ ಚಟ, ನನಗೆ ಇದು.

ನೀಲಾ ನನ್ನ ಮಗಳು. ಈಗ ಯಡ್ರಾಮಿಯ ಕಡೆ ಟೀಚರಾಗಿ, ಕಂಡವರ ಮಕ್ಕಳನ್ನೆಲ್ಲ ಗದರಿಸುವಷ್ಟು ದೊಡ್ಡವಳಾಗಿದ್ದಾಳೆ. ನಾನು ಹೇಳಹೊರಟ ಕಾಲದಲ್ಲಿ ಅವಳ ಮುಂದಿನ ಹಲ್ಲು ಬಿದ್ದು ಹೊಸವು ಬಂದಿರಲಿಲ್ಲ. ಎಂಬತ್ತರ ದಶಕದ ಕೊನೆ ಅನ್ನಿ.

ನಮ್ಮ ಕಡೆ ಶೇಂಗಾ ಇಲ್ಲದ ಊಟವನ್ನು ಯಾರೂ ಊಟ ಅನ್ನುವುದಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಪಲ್ಯಕ್ಕೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಉಪವಾಸವಿದ್ದರೆ ಸಾಬೂದಾಣಿಯೊಳಗೆ ಶೇಂಗಾ. ಪಲ್ಯ ತೆಳುವಾಯಿತೇ, ಒಂದು ಮುಷ್ಟಿ ಪುಡಿ ಉದುರಿಸು. ಖಾರ ಹೆಚ್ಚಾಯಿತೇ, ಇನ್ನೊಂದು ಮುಷ್ಟಿ. ಬೀಗರು ಹೇಳದೆ ಕೇಳದೆ ಬಂದರೇ, ಹುರಿದ ಶೇಂಗಾ ಬೆಲ್ಲದ ಜೊತೆ ಮುಂದಿಟ್ಟು ಒಲೆ ಹಚ್ಚು. ಎಣ್ಣೆಯೊಂದು ಕುಸುಬಿಯದು, ಪುಣ್ಯ.

ನಾನು ಬೆಳೆದದ್ದು ಜೇವರ್ಗಿಯಲ್ಲಿ, ಅಡತಿ ಅಂಗಡಿಗಳ ಮಗ್ಗುಲಿಗೆ. ಹಮಾಲರು ಶೇಂಗಾ ಚೀಲ ಇಳಿಸುವಾಗ ನಾನೂ ನನ್ನ ತಂಗಿಯೂ ಚೀಲದ ತೂತಿಗೆ ಬೆರಳು ಹಾಕಿ ಒಂದೊಂದೇ ಕಾಯಿ ಎಳೆದು ಲಂಗದ ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದೆವು. ತಿನ್ನುವುದು ಸುಲಭ, ಸಿಪ್ಪೆ ಎಲ್ಲಿಡುವುದು? ಒಮ್ಮೆ ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಟೊಪ್ಪಿಗೆಯೊಳಗೆ ತುರುಕಿದೆವು. ಅಪ್ಪ ಅವಸರದಲ್ಲಿ ಅದನ್ನೇ ತಲೆಗಿಟ್ಟುಕೊಂಡು ಹೋಗಿ, ದೊಡ್ಡ ಮನುಷ್ಯರೊಬ್ಬರಿಗೆ ನಮಸ್ಕಾರ ಮಾಡಲು ಟೊಪ್ಪಿಗೆ ತೆಗೆದಾಗ ಸಿಪ್ಪೆಯೆಲ್ಲ ಹೆಗಲ ಮೇಲೆ ಸುರಿಯಿತಂತೆ. ಅಪ್ಪ ಮನೆಗೆ ಬಂದು ಬೈಯಲೆಂದು ಬಾಯಿ ತೆರೆದವನು ತಾನೇ ನಕ್ಕುಬಿಟ್ಟ. ಇಂಥ ಶೇಂಗಾದ ಮನೆಯಿಂದ ಅದಕ್ಕೂ ದೊಡ್ಡ ಶೇಂಗಾದ ಮನೆಗೆ ನಾನು ಸೊಸೆಯಾಗಿ ಹೋದೆ.

ಆ ಮನೆ ಖಜೂರಿಯಲ್ಲಿ. ಆಳಂದದಿಂದ ಮುಂದೆ, ಗಡಿಗೆ ಅಂಟಿಕೊಂಡ ಊರು. ರಸ್ತೆಯಲ್ಲಿ ಲಾರಿ ಹಾದರೆ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆ ತಾಟು ಕುಣಿಯುತ್ತಿದ್ದವು. ನನ್ನ ಅತ್ತೆಯನ್ನು ಮನೆಮಂದಿ, ಓಣಿಯವರು, ಕೊನೆಗೆ ನಾನೂ, ‘ಆಯಿ’ ಎಂದೇ ಕರೆಯುತ್ತಿದ್ದೆವು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಕಡಿಮೆ, ಕೈ ದೊಡ್ಡದು. ಕೈ ದೊಡ್ಡದು ಎಂದರೆ ಎರಡೂ ಅರ್ಥದಲ್ಲಿ. ಆಯಿ ಒಂದು ಮುಷ್ಟಿ ಹಾಕಿದಲ್ಲಿ ನಾನು ಎರಡು ಹಾಕಬೇಕು.

ನೀಲಾ ಉಣ್ಣುತ್ತಿದ್ದದ್ದು ಆಯಿಯ ಕೈಯಿಂದ ಮಾತ್ರ. ನಾನು ತುತ್ತು ಮಾಡಿದರೆ ಬಾಯಿ ಮುಚ್ಚಿ ಗ್ವಾಡಿಗೆ ಮುಖ ತಿರುವುತ್ತಿದ್ದಳು. ಆಯಿ ರೊಟ್ಟಿ ಮುರಿದು, ಹಾಲಲ್ಲಿ ಹಿಚುಕಿ, ಬಾಯಿಗಿಟ್ಟರೆ ಕಥೆಯೂ ಬೇಡ, ಚಂದಪ್ಪನೂ ಬೇಡ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು ಎಂದರೆ ನಗಬೇಡಿ. ಆಗುತ್ತಿತ್ತು.

ಈ ಹುಡುಗಿಗೆ ಮೈತುಂಬ ಗಂಧೆ ಏಳುವುದು ಶುರುವಾಯಿತು. ಉಂಡು ಕೈ ತೊಳೆಯುವಷ್ಟರಲ್ಲಿ ಕೆಂಪು ದದ್ದು, ಕೆರೆತ. ‘ಪಿತ್ತ ಎದ್ದದ’ ಎಂದಿತು ಓಣಿ. ಮಗು ಕೆರೆದು ಕೆರೆದು ಸೊರಗಿತು. ಸೊರಗಿದ ಮಗುವಿಗೆ ಬಲ ಬರಲೆಂದು ಆಯಿ ಸಂಜೆಗೊಂದು ಶೇಂಗಾ ಉಂಡೆ ಕಟ್ಟಿಕೊಡತೊಡಗಿದಳು. ಬಲ ಬರುವುದಿರಲಿ, ಒಂದು ಸಂಜೆ ಉಂಡೆ ತಿನ್ನುತ್ತಿದ್ದಂತೆ ತುಟಿ ಬಾತು, ಕಣ್ಣು ಮುಚ್ಚಿ, ಉಸಿರು ಸಿಳ್ಳೆ ಹಾಕತೊಡಗಿತು. ನನ್ನ ಗಂಡ ರಸ್ತೆಗೆ ಓಡಿ, ಹೋಗುತ್ತಿದ್ದ ಲಾರಿಗೆ ಅಡ್ಡ ನಿಂತ. ಅದರಲ್ಲೇ ಮೂವರೂ ಆಳಂದಕ್ಕೆ ಹೋದೆವು. ಅಲ್ಲಿನ ಡಾಕ್ಟರು ಸೂಜಿ ಚುಚ್ಚಿ ಕಾಯುತ್ತ ಕುಳಿತರು. ಮಗುವಿನ ಉಸಿರು ಸರಳವಾಗುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

‘ಇದು ಪಿತ್ತ ಅಲ್ರಿ. ತಿನ್ನೋದ್ರಾಗ ಯಾವುದೋ ಒಂದು ಈಕಿಗಿ ಆಗಂಗಿಲ್ಲ. ಯಾವುದು ಅಂತ ಗೊತ್ತಾಗ್ಬೇಕು’ ಎಂದರು ಡಾಕ್ಟರು. ಸೊಲ್ಲಾಪುರದ ಚರ್ಮದ ಡಾಕ್ಟರ್ ಬಾಯಿಯೊಬ್ಬರ (ಲೇಡಿ ಡಾಕ್ಟರಿಗೆ ನಮ್ಮ ಕಡೆ ಹಾಗನ್ನುತ್ತೇವೆ) ಹೆಸರು ಹೇಳಿ, ‘ಮನ್ಯಾಗ ಏನೇನ್ ತಿಂತೀರೋ ಅದನ್ನೆಲ್ಲ ಹಸೀದು, ಚಿಟಿಗಿ ಚಿಟಿಗಿ ಪುಡಿಕಿ ಕಟ್ಕೊಂಡ್ ಹೋಗ್ರಿ. ಕೈಮ್ಯಾಲ ಹಚ್ಚಿ, ಸೂಜಿಲೆ ಸಣ್ಣಗ ಗೀರಿ ನೋಡ್ತಾರ. ಆಗಲಾರದ್ದು ಎದ್ದು ಕಾಣ್ತದ’ ಎಂದು ತಿಳಿಸಿದರು.

ಮನೆಗೆ ಬಂದ ಮರುದಿನ ಎದುರು ಮನೆಯ ಗುರಮ್ಮಕ್ಕ ಮಾತಾಡಿಸಲು ಬಂದಳು. ಕೆಟ್ಟವಳಲ್ಲ, ಬಾಯಿಗೆ ಬೀಗ ಇಲ್ಲದವಳು. ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, ‘ನಾ ಅಂದೆ ಅನಬ್ಯಾಡ ಶಾರದಾ, ನಿಮ್ಮ ಆಯಿ ಕೈಗುಣಾನ ಸರಿ ಇಲ್ಲ ಅನಸ್ತದ. ಒಂದೀಟ ದಿನ ನೀ ಉಣಸಿ ನೋಡು, ಪೋರಿ ಆರಾಮ ಆಗ್ತದ’ ಎಂದಳು. ಪಿಸುಮಾತು ಎಂದು ಅವಳು ತಿಳಿದದ್ದು ಬಾವಿಕಟ್ಟೆಗೂ ಕೇಳುವಷ್ಟು ಜೋರಾಗಿತ್ತು. ಕೌದಿ ಹೊದ್ದು ಮಲಗಿದ್ದ ನೀಲಾ ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು.

ಸೊಲ್ಲಾಪುರಕ್ಕೆ ಹೋಗುವುದು ನಿಶ್ಚಯವಾಯಿತು. ನನ್ನ ಗಂಡ ಲಾರಿಗೆ ಅಡ್ಡ ನಿಲ್ಲುವ ಧೈರ್ಯವಂತ, ಆದರೆ ಸೂಜಿ ಕಂಡರೆ ಚಕ್ಕರ್ ಬಂದು ಬೀಳುವ ಮನುಷ್ಯ. ಹೊಲದಲ್ಲಿ ಜೋಳದ ಬಿತ್ತಿಗೆ ಎಂಬ ನೆವ ಸಿಕ್ಕಿತು. ನಾನೇನು ಕಡಿಮೆಯೇ? ಜೇವರ್ಗಿ ಸಾಲೆಗೆ ಸಿಡುಬು ಬಾರದಂತೆ ದೇವಿ ಸೂಜಿ ಹಾಕುವವರು ಬಂದಾಗ ಅಡತಿಯ ಚೀಲಗಳ ಸಂದಿಯಲ್ಲಿ ಅಡಗಿ, ಅಲ್ಲೇ ನಿದ್ದೆ ಹೋಗಿ, ಮನೆಯವರೆಲ್ಲ ಬಾವಿ ಬಾವಿ ಹುಡುಕುವಂತೆ ಮಾಡಿದವಳು ನಾನು. ಅಂಥವಳು ಈಗ ಮಗಳಿಗೆ, ‘ಏನಾಗಂಗಿಲ್ಲ, ಇರಿವಿ ಕಡದಂಗ ಆಗ್ತದ ಅಷ್ಟೇ’ ಎಂದು ಧೈರ್ಯ ಹೇಳಬೇಕಾಯಿತು.

ಹಿಂದಿನ ಸಂಜೆ ಡಾಕ್ಟರು ಹೇಳಿದಂತೆ ಎಲ್ಲ ಪುಡಿಕೆ ಕಟ್ಟಿದೆ. ಜೋಳದ ಹಿಟ್ಟು, ಸಜ್ಜೆ ಹಿಟ್ಟು, ತೊಗರಿ ಬೇಳೆ, ಹೆಸರು, ಎಳ್ಳು, ಶೇಂಗಾ, ಒಂದು ಬದನೆಕಾಯಿ. ಕೈಚೀಲದಲ್ಲಿಟ್ಟು ಗೂಟಕ್ಕೆ ಹಾಕಿದೆ. ಬೆಳಿಗ್ಗೆ ಹೊರಡುವಾಗ ಚೀಲ ಭಾರವಾಗಿತ್ತು. ದಾರಿಗೆಂದು ಆಯಿ ರೊಟ್ಟಿ ಇಟ್ಟಿರಬೇಕು ಎಂದುಕೊಂಡೆ. ಆಯಿ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ‘ಅಂಜಬ್ಯಾಡ ನನ ಬಂಗಾರಾ, ಹೋಗಿ ಬಾ’ ಎಂದು ಬೆನ್ನು ಸವರಿದಳು. ತಾನು ಮಾತ್ರ ಬಾಗಿಲ ಹೊರಗೆ ಬರಲಿಲ್ಲ.

ಉಮರ್ಗಾದಲ್ಲಿ ಇಳಿದು ಸೊಲ್ಲಾಪುರದ ಬಸ್ಸು ಹತ್ತಿದೆವು. ನೀಲಾ ಕಿಟಕಿ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಸೂಜಿಯ ಭಯ ಎಂದುಕೊಂಡು ನಾನು ಇರುವೆಯ ಮಾತನ್ನೇ ಮತ್ತೆ ಮತ್ತೆ ಹೇಳಿದೆ. ಅವಳಿಗೆ ಬೇಸರ ಬಂದಿರಬೇಕು.

‘ಅವ್ವಾ, ಸೂಜಿ ಚುಚ್ಚಲಿ. ಡಾಕ್ಟರ್ ಬಾಯಿ ಆಯಿ ಕೈಲೆ ಉಣಬ್ಯಾಡ ಅಂದ್ರ?’

‘ಅವರ್ಯಾಕ ಹಂಗಂತಾರ?’

‘ಗುರಮ್ಮಕ್ಕ ಅಂದಳಲ್ಲ. ಆಯಿ ಕೈಯಾಗೇ ಅದ ಅಂತ.’

‘ಹಂಗೇನಿರಂಗಿಲ್ಲ, ಸುಮ್ಕಿರು’ ಎಂದೆನೇನೋ ಹೌದು, ದನಿಯಲ್ಲಿ ಬಲವಿರಲಿಲ್ಲ. ಗುರಮ್ಮಕ್ಕನ ಮಾತು ನನ್ನೊಳಗೂ ಒಂದು ಮೂಲೆ ಹಿಡಿದು ಕುಳಿತಿತ್ತು. ನೀಲಾ ಮತ್ತೆ ಸೆರಗು ಸುತ್ತತೊಡಗಿದಳು.

ಡಾಕ್ಟರ್ ಬಾಯಿ ನಡುವಯಸ್ಸಿನವರು, ಕನ್ನಡಕ ಹಣೆಯ ಮೇಲೆ. ಮರಾಠಿ ಮನೆಯವರಾದರೂ ಕನ್ನಡ ನಮಗಿಂತ ಜೋರು. ‘ಏನೇನ್ ತಂದೀರಿ, ಮೇಜಿನ ಮ್ಯಾಲ ಇಡ್ರಿ’ ಎಂದರು. ಚೀಲಕ್ಕೆ ಕೈ ಹಾಕಿದೆ. ಪುಡಿಕೆಗಳೇ ಇಲ್ಲ! ಕೈಗೆ ಸಿಕ್ಕದ್ದು ಬಿಳಿ ಅರಿವೆಯ ದೊಡ್ಡ ಗಂಟು. ಬಿಚ್ಚಿದರೆ, ಏನು ಹೇಳಲಿ, ಕಟಿ ಕಟಿ ಸಜ್ಜೆ ರೊಟ್ಟಿ, ಬಿಳಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹೆಸರುಕಾಳಿನ ಪಲ್ಯ, ಪುಂಡಿ ಪಲ್ಯ, ಎಳ್ಳು ಹಚ್ಚಿದ ಕಡುಬು, ಮೇಲೊಂದು ಡಬ್ಬಿ ತುಂಬ ಶೇಂಗಾ ಹಿಂಡಿ. ಬೆಳ್ಳುಳ್ಳಿ ಖಾರದ ವಾಸನೆಗೆ ಹೊರಗೆ ಸರದಿ ಕಾಯುತ್ತಿದ್ದವರು ಇಣುಕಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಆಮೇಲೆ ಊರಿಗೆ ಹೋಗಿ ಕೇಳಿದಾಗ ಆಯಿ ನನಗೇ ತಿರುಗಿ ಬೈದಳು. ‘ಹಸಿ ಹಿಟ್ಟು, ಹಸಿ ಬ್ಯಾಳಿ ಕೊಡೋದು ಜೋಳಿಗಿಗಿ. ಭಿಕ್ಷಾಕ ಬಂದವರಿಗಿ ನೀಡ್ತೀವಿ. ಮಗೀನ ಜೀವಾ ಉಳಸೋ ಡಾಕ್ಟರ್ ಬಾಯಿಗಿ ಚಿಟಿಗಿ ಹಿಟ್ಟ ಕೊಡ್ತಾರೇನಬೇ? ಖಜೂರಿ ಮಂದಿಗಿ ಉಣಸೋದು ಗೊತ್ತಿಲ್ಲ ಅನಬೇಕೇನು?’ ರೊಟ್ಟಿ ಎಂದರೆ ಜೋಳವೇ, ಪಲ್ಯ ಎಂದರೆ ಹೆಸರೇ. ನೋಡುವುದಾದರೆ ಬೇಯಿಸಿದ್ದನ್ನೇ ನೋಡಲಿ, ಮರ್ಯಾದೆಯೂ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ನಮ್ಮ ಪೈಕಿ ಯಾವ ಹಿರಿಯಳೂ ಬೇರೆ ಲೆಕ್ಕ ಹಾಕುತ್ತಿರಲಿಲ್ಲ ಬಿಡಿ.

ಡಾಕ್ಟರ್ ಬಾಯಿ ಗಂಟು ನೋಡಿ, ನನ್ನನ್ನು ನೋಡಿ, ಕನ್ನಡಕ ಕೆಳಗಿಳಿಸಿದರು. ‘ಇರ್ಲಿ ಬಿಡ್ರಿ. ಉಣ್ಣೋದು ಇದನ್ನೇ ಅಲ್ಲೇನು, ಇದನ್ನೇ ನೋಡೋಣು.’ ಒಂದೊಂದರಿಂದ ಕಾಳಿನಷ್ಟು ತೆಗೆದು, ನೀರಲ್ಲಿ ತೇಯ್ದು, ನೀಲಾಳ ಮುಂಗೈಯುದ್ದಕ್ಕೂ ಹನಿ ಇಟ್ಟರು. ಕೊನೆಗೆ ಹೋಲಿಸಿ ನೋಡಲೆಂದು ಬರೀ ಉಪ್ಪುನೀರಿನದೊಂದು ಹನಿ. ಪ್ರತಿ ಹನಿಯ ಮೇಲೂ ಸೂಜಿಯ ಮೊನೆ ಒತ್ತಿ ತೆಗೆದರು. ನಾನು ಕಣ್ಣು ಮುಚ್ಚಿದ್ದೆ. ನೀಲಾ ಮುಚ್ಚಿರಲಿಲ್ಲ.

‘ಇರಿವಿಗಿಂತ ಕಡಿಮಿ ಅದ’ ಎಂದಳು ನನಗೆ, ಸಮಾಧಾನ ಹೇಳುವಂತೆ.

‘ಈಗ ಕೆರೀಬಾರ್ದು. ಗಡಿಯಾರದ ಮುಳ್ಳು ಇಲ್ಲಿಂದ ಇಲ್ಲಿಗಿ ಬರೋತನಕ ಕೂಡಬೇಕು’ ಎಂದು ಡಾಕ್ಟರ್ ಬಾಯಿ ತಮ್ಮ ಕೈಗಡಿಯಾರ ಬಿಚ್ಚಿ ಅವಳ ಮುಂದಿಟ್ಟರು. ‘ಯಾವುದು ಏಳ್ತದೋ ಅದು ಕಳ್ಳ. ಯಾವುದು ಏಳಂಗಿಲ್ಲೋ ಅದು ಪಾಸ್.’

ಮುಳ್ಳು ಅರ್ಧ ದಾರಿ ಸಾಗುವ ಮೊದಲೇ ಹಿಂಡಿ ಹಚ್ಚಿದಲ್ಲಿ ದೊಡ್ಡ ಗುಳ್ಳೆ ಎದ್ದಿತು. ಸರಿ, ಕಳ್ಳ ಸಿಕ್ಕ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಬದನೆಕಾಯಿಯದೂ ಎದ್ದಿತು. ಹೆಸರಿನದು ಎದ್ದಿತು. ಪುಂಡಿ ಎದ್ದಿತು, ಕಡುಬು ಎದ್ದಿತು, ರೊಟ್ಟಿಯೂ ಎದ್ದಿತು! ಉಪ್ಪುನೀರಿನ ಹನಿಯೊಂದು ಬಿಟ್ಟು ಕೈಯೆಲ್ಲ ಕೆಂಪು. ಡಾಕ್ಟರ್ ಬಾಯಿಗೂ ಹುಬ್ಬು ಗಂಟಾಯಿತು. ‘ಹಿಂಗ್ಯಾಂಗ? ಎಲ್ಲಾ ಆಗಂಗಿಲ್ಲ ಅಂದ್ರ ಪೋರಿ ಇಷ್ಟ ದಿನ ಏನ್ ತಿಂದು ಬೆಳದಾಳ?’ ಎಂದು ತಮಗೆ ತಾವೇ ಅಂದುಕೊಂಡರು.

ನೀಲಾ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಸಣ್ಣಗೆ ಶುರುಮಾಡಿದಳು. ‘ಎಲ್ಲಾ ಆಯಿ ಮಾಡಿದ್ದು. ಆಯಿ ಮಾಡಲಾರದ್ದು ಒಂದೇ ಪಾಸ್ ಆಗೇದ’ ಎಂದಳು. ನೀವೇ ಹೇಳಿ, ಏಳೆಂಟು ವರ್ಷದ ಮಗು ಕಣ್ಣೆದುರಿನ ಸಾಕ್ಷಿ ಹಿಡಿದು ಹೀಗೆ ಅಂದರೆ ತಾಯಿಯಾದವಳು ಏನು ಉತ್ತರ ಕೊಡಬೇಕು? ಅವಳನ್ನು ಮಡಿಲಿಗೆಳೆದುಕೊಂಡು ನಾನೂ ಅಳತೊಡಗಿದೆ. ಡಾಕ್ಟರ್ ಬಾಯಿ ತಣ್ಣೀರಿನ ಬಟ್ಟೆ ಆ ಕೈಗೆ ಸುತ್ತಿ, ನಮ್ಮಿಬ್ಬರನ್ನೂ ಒಳಗಿನ ಕೋಣೆಯಲ್ಲಿ ಕೂರಿಸಿ, ಉಳಿದ ಪೇಷಂಟುಗಳನ್ನು ನೋಡಲು ಹೋದರು.

ಮಧ್ಯಾಹ್ನ ಅವರು ತಮ್ಮ ಡಬ್ಬಿ ಹಿಡಿದು ಒಳಗೆ ಬಂದರು. ನಮ್ಮ ಗಂಟಿನ ಕಡೆ ಕಣ್ಣು ಹೋಯಿತು. ‘ಇಷ್ಟು ಕಟ್ಕೊಂಡ್ ಬಂದೀರಿ, ವಾಪಸ್ ಒಯ್ತೀರೇನು? ಕೊಡ್ರಿ ಇಲ್ಲಿ’ ಎಂದು ಸಜ್ಜೆ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದರು. ಒಂದು ತುತ್ತು, ಎರಡು ತುತ್ತು. ‘ಭಾಳ ಛಲೋ ಆಗೇದರೀ! ಯಾರು ಮಾಡ್ಯಾರ?’ ಎಂದರು. ‘ನಮ್ಮ ಆಯಿ’ ಎಂದಳು ನೀಲಾ ಬಿಕ್ಕುತ್ತಲೇ. ಹೆಸರುಕಾಳಿಗೆ ಕೈ ಹಾಕಿದರು, ಪುಂಡಿ ಪಲ್ಯ ನೆಕ್ಕಿದರು, ಕಡುಬು ಮುರಿದರು. ಅಗಿಯುತ್ತಿದ್ದ ಅವರ ದವಡೆ ಅಲ್ಲಿಗೇ ನಿಂತಿತು.

‘ಅಲ್ಲರೀ, ಹೆಸರಿನ ಪಲ್ಯದಾಗೂ ಶೇಂಗಾ ಪುಡಿ ಹಾಕೀರೇನು?’

‘ಎಲ್ಲಾದಕ್ಕೂ ಹಾಕ್ತೀವ್ರಿ.’

‘ಪುಂಡಿಗಿ?’

‘ಹುಳಿ ಮುರೀಲಿ ಅಂತ ಹಾಕ್ತೀವ್ರಿ.’

‘ಕಡುಬಿಗಿ ಎಳ್ಳಲ್ಲೇನು?’

‘ಎಳ್ಳ ರೀ. ಶೇಂಗಾ ಕುಟ್ಟೋ ಒಳ್ಳಾಗೇ ಕುಟ್ಟೋದು.’

‘ರೊಟ್ಟಿ? ರೊಟ್ಟಿ ಯಾಕ ಎದ್ದದ?’

ಅದಕ್ಕೆ ಉತ್ತರ ಬುತ್ತಿಯಲ್ಲೇ ಇತ್ತು. ಬಿಸಿ ರೊಟ್ಟಿ ಒಂದಕ್ಕೊಂದು ಅಂಟದಿರಲೆಂದು, ರುಚಿಗೂ ಆಯಿತೆಂದು, ಆಯಿ ಪದರು ಪದರಿಗೂ ಹಿಂಡಿ ಉದುರಿಸಿದ್ದಳು. ಡಾಕ್ಟರ್ ಬಾಯಿ ಕೈಯಲ್ಲಿದ್ದ ರೊಟ್ಟಿ ಕೊಡವಿದರು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು. ಅವರು ಜೋರಾಗಿ ನಕ್ಕ ನಗೆ ಇಂದಿಗೂ ನನ್ನ ಕಿವಿಯಲ್ಲಿದೆ.

‘ಓಡ್ರಿ, ಎದುರಿನ ಕಿರಾಣಿ ಅಂಗಡಿಗಿ ಹೋಗಿ ಎಲ್ಲಾ ಹಸೀದು ತರ್ರಿ’ ಎಂದರು. ಓಡಿದೆ. ಬದನೆಕಾಯಿ ತಳ್ಳುಗಾಡಿಯಲ್ಲಿ ಸಿಕ್ಕಿತು. ಅಂಗಡಿಯಲ್ಲಿ ಚಿಟಿಕೆ ಜೋಳ, ಚಿಟಿಕೆ ಎಳ್ಳು, ಚಿಟಿಕೆ ಹೆಸರು ಎಂದು ಕೇಳುತ್ತ ಹೋದಂತೆ ಅಂಗಡಿಯವನ ಮುಖ ಬಿಳಿಚಿತು. ಮಾಟ ಮಾಡಿಸುವ ಹೆಂಗಸು ಎಂದುಕೊಂಡನೋ ಏನೋ, ಎಲ್ಲವನ್ನೂ ಬೇರೆ ಬೇರೆ ಪುಡಿಕೆ ಕಟ್ಟಿ ದುಡ್ಡು ಮುಟ್ಟದೆ ಕೊಟ್ಟುಬಿಟ್ಟ.

ಈ ಸಲ ನೀಲಾಳ ಇನ್ನೊಂದು ಕೈ. ಮತ್ತೆ ಹನಿಗಳು, ಮತ್ತೆ ಗಡಿಯಾರ. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಮುಳ್ಳು ದಾರಿ ಮುಗಿಸಿತು. ಜೋಳ ಸುಮ್ಮನಿತ್ತು. ಸಜ್ಜೆ, ತೊಗರಿ, ಎಳ್ಳು, ಹೆಸರು, ಬದನೆ, ಒಂದೂ ಅಲುಗಲಿಲ್ಲ. ಶೇಂಗಾ ಮಾತ್ರ ಗುಳ್ಳೆಯಾಗಿ ಎದ್ದು ನಿಂತಿತು.

‘ಕಳ್ಳ ಒಬ್ಬನೇ’ ಎಂದರು ಡಾಕ್ಟರ್ ಬಾಯಿ. ‘ಶೇಂಗಾ ಬಿಡು. ಮನೀಗಿ ತರಲೇಬ್ಯಾಡ್ರಿ. ಉಳದದ್ದೆಲ್ಲ ನಿಮ್ಮ ಆಯಿ ಕೈಲೆ ಹೊಟ್ಟಿತುಂಬ ಉಣ್ಣು.’

ನೀಲಾ ಆ ಮಾತನ್ನು ಅವರಿಂದ ಮತ್ತೊಮ್ಮೆ ಹೇಳಿಸಿಕೊಂಡೇ ಎದ್ದಳು. ವಾಪಸ್ ಬಸ್ಸಿನಲ್ಲಿ ಕಿಟಕಿಯಿಂದ ಮೂಗು ಹೊರಗಿಟ್ಟು, ಕಂಡ ಎತ್ತು, ಕಂಡ ಲಾರಿ, ಎಲ್ಲವನ್ನೂ ನನಗೆ ತೋರಿಸಿದಳು. ನನಗೆ ಅಂಥ ನೆಮ್ಮದಿ ಅದಕ್ಕೂ ಮುಂಚೆ ಆಗಿದ್ದು ನೆನಪಿಲ್ಲ.

ಆದರೆ ಮನೆಯಲ್ಲಿ ಬೇರೆಯೇ ಆಯಿತು. ನಾನು ಎಲ್ಲ ಹೇಳಿ ಮುಗಿಸಿದಾಗ, ಜೋಳಿಗೆಯ ಮಾತಾಡಿ ನನ್ನನ್ನು ಬೈದಿದ್ದ ಆಯಿ ಮೆತ್ತಗಾಗಿ ಕುಳಿತಳು. ‘ಹಂಗಾರ ಆ ಉಂಡಿ ಕಟ್ಟಿ ಕಟ್ಟಿ ಕೊಟ್ಟಾಕಿ ನಾನೇ ಅಲ್ಲ?’ ಎಂದಳು. ‘ನಿಮಗೇನ್ ಗೊತ್ತಿತ್ರಿ ಆಯಿ’ ಎಂದೆ. ಆಯಿ ಎದ್ದು ಶೇಂಗಾದ ಚೀಲವನ್ನು ಗುರಮ್ಮಕ್ಕನ ಮನೆಗೆ ಸಾಗಿಸಿದಳು. ಹಿಂಡಿಯ ಡಬ್ಬಿ, ಕುಟ್ಟುವ ಒಳ್ಳು ಎಲ್ಲ ಮನೆ ಬಿಟ್ಟವು. ಆಳಂದದ ಸಂತೆಯಿಂದ ಹೊಸ ಒಳ್ಳು ಬಂತು. ಎಲ್ಲ ಹೊಸದಾಯಿತು, ಆದರೆ ಆಯಿ ನೀಲಾಗೆ ಉಣಿಸುವುದನ್ನು ಬಿಟ್ಟಳು.

‘ನೀನೇ ಉಣಸು ಶಾರದಾ. ಈ ಕೈಯಾಗ ಹುಟ್ಟಿದಾಗಿನಿಂದ ಶೇಂಗಾನ ಅದ. ತೊಳದ್ರ ಹೋಗ್ತದೇನು?’

ಎಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆನೋ ಆ ಕೆಲಸ ನನ್ನ ಕೈಗೇ ಬಂತು, ನನಗದು ಬೇಡವಾಗಿತ್ತು. ಮಗು ಎರಡು ತುತ್ತಿಗೆ ಸಾಕು ಅನ್ನುತ್ತಿದ್ದಳು. ಆಯಿ ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಮೈಮೇಲೆ ಗಂಧೆ ಇರಲಿಲ್ಲ, ಮನೆಯಲ್ಲಿ ಸುಖವೂ ಇರಲಿಲ್ಲ.

ಒಂದು ಮಧ್ಯಾಹ್ನ ನೀಲಾ ಸಾಲೆಯಿಂದ ಬಂದವಳೇ ಪಾಟಿಚೀಲ ಬಿಸಾಕಿ, ಅಪ್ಪನ ಕೈಗಡಿಯಾರ ಮಾಡದಿಂದ ಇಳಿಸಿದಳು. ಬಿಸಿನೀರು, ಸಾಬೂನು ತಂದು ಆಯಿಯ ಮುಂದೆ ಕುಳಿತಳು. ‘ಕೈ ತಾ.’ ಆಯಿಗೆ ಏನೆಂದು ತಿಳಿಯಲಿಲ್ಲ, ಕೊಟ್ಟಳು. ನೀಲಾ ಆ ದೊಡ್ಡ ಕೈಯನ್ನು ಬೆರಳು ಬೆರಳಾಗಿ ಉಜ್ಜಿ, ಉಗುರ ಸಂದಿ ತೊಳೆದು, ತನ್ನ ಲಂಗದಿಂದ ಒರೆಸಿದಳು. ಆಮೇಲೆ ಆಯಿಯ ತೋರುಬೆರಳನ್ನು ಹಿಡಿದು ತನ್ನ ಮುಂಗೈಯ ಮೇಲೆ ಒತ್ತಿ ತೆಗೆದಳು, ಡಾಕ್ಟರ್ ಬಾಯಿ ಸೂಜಿ ಒತ್ತಿದ ಹಾಗೆಯೇ.

‘ಮುಳ್ಳು ಇಲ್ಲಿಂದ ಇಲ್ಲಿಗಿ ಬರೋತನಕ ಅಲಗಬ್ಯಾಡ ಆಯಿ.’

ಇಬ್ಬರೂ ಆ ಕೈಯನ್ನು ನೋಡುತ್ತ ಕುಳಿತರು. ಹಿಟ್ಟು ನಾದುತ್ತಿದ್ದ ನಾನೂ ನಾದುವುದು ಬಿಟ್ಟು ನೋಡಿದೆ. ಮುಳ್ಳು ಬರುವಲ್ಲಿಗೆ ಬಂತು. ನೀಲಾ ತನ್ನ ಕೈಯನ್ನು ಬೆಳಕಿಗೆ ಹಿಡಿದು ಈ ಕಡೆಯಿಂದ, ಆ ಕಡೆಯಿಂದ ನೋಡಿದಳು. ಆಮೇಲೆ ಗಡಿಯಾರ ಕೆಳಗಿಟ್ಟು, ಆಯಿಯ ತೊಡೆಯೇರಿ ಕುಳಿತು ಬಾಯಿ ತೆರೆದಳು.

ಆಯಿ ತಾಟು ಎಳೆದುಕೊಂಡು, ರೊಟ್ಟಿ ಮುರಿದು ಹಾಲಲ್ಲಿ ಹಿಚುಕಿದಳು. ಮೊದಲ ತುತ್ತು ಅರ್ಧ ಬಾಯಿಗೆ, ಅರ್ಧ ಲಂಗದ ಮೇಲೆ ಬಿತ್ತು. ನೀಲಾ ಬಿದ್ದದ್ದನ್ನೂ ಆರಿಸಿ ತಿಂದಳು. ಅಷ್ಟರಲ್ಲಿ ಗುರಮ್ಮಕ್ಕ ಮಜ್ಜಿಗೆ ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತು, ‘ಏನಿದು, ಮತ್ತ ಆಯೀನೇ ಉಣಸಾಕತ್ತಾಳೇನು?’ ಎಂದಳು.

ನೀಲಾ ತುತ್ತು ನುಂಗುವವರೆಗೆ ತಡೆದು, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

‘ಆಯಿ ಕೈ ಟೆಸ್ಟ್ ಮಾಡೀನ್ರಿ. ಪಾಸ್ ಆಗೇದ.’